ಲ್ಯಾಪ್‌ಟಾಪ್ ಶಾಖ: ಫ್ಯಾನಿನ ಸದ್ದಡಗಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹುತ್ರಿದುರ್ಗ (ಕುಣಿಗಲ್ ತಾಲ್ಲೂಕು): ಬೇಸಿಗೆ ಬಂತೆಂದರೆ ಹುತ್ರಿದುರ್ಗ ಬೆಟ್ಟದ ಬುಡದ ಹಳ್ಳಿಗಳಲ್ಲಿ ಹಗಲೆಲ್ಲ ಕಾದ ಬಂಡೆ ಸಂಜೆಯಾದರೂ ಬೇಗನೆ ಆರುವುದಿಲ್ಲ. ಶೀಟು ಹೊದಿಸಿದ ಮನೆಗಳ ಒಳಗಂತೂ ಹೊರಗಿನ ಬಿಸಿಲಿಗಿಂತ ಹೆಚ್ಚಿನ ಧಗೆ. ಇದೇ ಹೊತ್ತಿನಲ್ಲಿ ಪದವಿ ವಿದ್ಯಾರ್ಥಿಗಳು ಪರೀಕ್ಷೆಗೆ, ಪ್ರಾಜೆಕ್ಟ್ ವರದಿಗೆ ಲ್ಯಾಪ್‌ಟಾಪ್ ತೆರೆದು ಕುಳಿತಿರುತ್ತಾರೆ. ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಂದು ಜನ ಸಾಲುಗಟ್ಟುವ ಸೇವಾ ಕೇಂದ್ರಗಳಲ್ಲಿ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ದುಡಿಯುತ್ತವೆ. ಸ್ವಲ್ಪ ಹೊತ್ತಿನಲ್ಲೇ ಫ್ಯಾನು ಭೋರ್ಗರೆಯತೊಡಗುತ್ತದೆ, ಯಂತ್ರ ನಿಧಾನವಾಗುತ್ತದೆ, ಕೆಲವೊಮ್ಮೆ ಏನೂ ಹೇಳದೆ ಆರಿಹೋಗುತ್ತದೆ.

ಆಗ ಬಹುತೇಕರ ಮುನಿಸು ತಿರುಗುವುದು ಫ್ಯಾನಿನ ಮೇಲೆ. ಅದರ ಸದ್ದಡಗಿಸಲು ಕೆಲವರು ಯಾವುದೋ ತಂತ್ರಾಂಶವನ್ನು ಇಳಿಸಿಕೊಳ್ಳುತ್ತಾರೆ. ಇನ್ನು ಕೆಲವರು ಯಂತ್ರ ತಣ್ಣಗಿರಲೆಂದು ಫ್ಯಾನನ್ನು ಸದಾ ಪೂರ್ಣ ವೇಗದಲ್ಲಿ ಓಡಿಸುತ್ತಾರೆ. ಎರಡೂ ದಾರಿಗಳು ರೋಗವನ್ನು ಬಿಟ್ಟು ರೋಗಲಕ್ಷಣಕ್ಕೆ ಮದ್ದು ಮಾಡುವಂಥವು. ಫ್ಯಾನು ಶಾಖದ ಕಾರಣವಲ್ಲ. ಶಾಖವನ್ನು ಹೊರಸಾಗಿಸುವ ಆಳು ಮಾತ್ರ. ಶಾಖ ಹುಟ್ಟುವುದನ್ನು ತಗ್ಗಿಸಿ, ಅದು ಹೊರಹೋಗುವ ಹಾದಿಯನ್ನು ತೆರವುಗೊಳಿಸಿದರೆ ಫ್ಯಾನು ತಾನಾಗಿಯೇ ಶಾಂತವಾಗುತ್ತದೆ. ಇದಕ್ಕೆ ಹಣಕ್ಕಿಂತ ತಿಳಿವಳಿಕೆಯೇ ಹೆಚ್ಚು ಬೇಕು.

ಶಾಖ ಹುಟ್ಟುವುದೆಲ್ಲಿ?

ಲ್ಯಾಪ್‌ಟಾಪ್ ಬಳಸುವ ವಿದ್ಯುತ್ತು ಕಡೆಗೆ ಬಹುಮಟ್ಟಿಗೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ಅದರಲ್ಲಿ ದೊಡ್ಡ ಪಾಲು ಪ್ರೊಸೆಸರಿನದು. ಆಟಗಳಿಗೆಂದೇ ತಯಾರಾದ ಯಂತ್ರಗಳಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿನದು. ತೆಳುವಾದ ಸಾಧಾರಣ ಲ್ಯಾಪ್‌ಟಾಪ್‌ಗಳ ಪ್ರೊಸೆಸರನ್ನು ಸಾಮಾನ್ಯವಾಗಿ 15 ವ್ಯಾಟ್‌ನ ಆಸುಪಾಸಿನ ಶಾಖಕ್ಕೆಂದು ರೂಪಿಸಿರುತ್ತಾರೆ. ಆಟದ ಲ್ಯಾಪ್‌ಟಾಪ್‌ಗಳಲ್ಲಿ ಈ ಅಂಕಿ 45 ವ್ಯಾಟ್ ಅಥವಾ ಅದಕ್ಕೂ ಹೆಚ್ಚು. ಉಗುರಿನಷ್ಟು ಅಗಲದ ಸಿಲಿಕಾನ್ ಚೂರೊಂದರಿಂದ ಇಷ್ಟು ಶಾಖ ಏಳುತ್ತದೆ ಎಂಬುದನ್ನು ನೆನೆದರೆ ಸಮಸ್ಯೆಯ ಸ್ವರೂಪ ಅರ್ಥವಾದೀತು.

ಪ್ರೊಸೆಸರಿನ ಶಾಖ ಎರಡು ಸಂಗತಿಗಳನ್ನು ಅವಲಂಬಿಸಿದೆ: ಅದು ಓಡುವ ವೇಗ ಮತ್ತು ಅದಕ್ಕೆ ಒದಗಿಸುವ ವೋಲ್ಟೇಜು. ವೇಗ ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟಾಗುತ್ತದೆ. ವೋಲ್ಟೇಜು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ವೇಗವನ್ನು ಗರಿಷ್ಠ ಮಟ್ಟಕ್ಕೆ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಲೇಬೇಕು. ಆದಕಾರಣ ಕೊನೆಯ ಕೊಸರಿನ ವೇಗಕ್ಕೆ ತೆರುವ ಶಾಖದ ಬೆಲೆ ಬಹಳ ದುಬಾರಿ. ಈ ಕೊಸರಿನ ವೇಗಕ್ಕೆ 'ಟರ್ಬೊ' ಎಂದು ಹೆಸರು. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಚಾಲನೆಗೆ ಬರುತ್ತದೆ.

ಹೊರಹೋಗುವ ಹಾದಿ

ಚಿಪ್ಪಿನಲ್ಲಿ ಹುಟ್ಟಿದ ಶಾಖ ಹೊರಗಾಳಿಗೆ ಸೇರುವ ತನಕ ಹಲವು ಹಂತಗಳನ್ನು ದಾಟಬೇಕು. ಚಿಪ್ಪಿನ ಮೇಲೆ ತೆಳುವಾಗಿ ಸವರಿದ, ಶಾಖವನ್ನು ದಾಟಿಸುವ ಲೇಪ ಮೊದಲನೆಯದು. ಇದನ್ನು ಥರ್ಮಲ್ ಪೇಸ್ಟ್ ಎನ್ನುತ್ತಾರೆ. ಅದರ ಮೇಲೆ ತಾಮ್ರದ ಫಲಕ, ಫಲಕಕ್ಕೆ ಬೆಸೆದ ತಾಮ್ರದ ಚಪ್ಪಟೆ ಕೊಳವೆ. ಈ ಕೊಳವೆಯೊಳಗೆ ತುಸು ದ್ರವ, ಸಾಮಾನ್ಯವಾಗಿ ನೀರು, ಇರುತ್ತದೆ. ಬಿಸಿ ತುದಿಯಲ್ಲಿ ಅದು ಆವಿಯಾಗಿ ತಣ್ಣನೆಯ ತುದಿಗೆ ಹರಿದು, ಅಲ್ಲಿ ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಕ್ಕೆ ಜಿನುಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ತತ್ತ್ವವೇ ಇಲ್ಲಿಯದೂ. ಕೊಳವೆಯ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಜೋಡಿಸಿದ ಲೋಹದ ರೆಕ್ಕೆಗಳಿವೆ. ಅವುಗಳ ಸಂದಿನಲ್ಲಿ ಗಾಳಿ ನುಗ್ಗಿಸುವುದು ಫ್ಯಾನಿನ ಕೆಲಸ.

ಈ ಸರಪಳಿಯಲ್ಲಿ ಯಾವ ಕೊಂಡಿ ಸಡಿಲಗೊಂಡರೂ ಪೆಟ್ಟು ಬೀಳುವುದು ಇಡೀ ವ್ಯವಸ್ಥೆಗೆ. ಜೊತೆಗೆ ಫ್ಯಾನು ಎಷ್ಟೇ ಓಡಿದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಒಂದೇ ಕೆಲಸ, ಒಂದೇ ಫ್ಯಾನಿನ ವೇಗ ಇದ್ದಾಗ ಕೋಣೆಯ ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಬಹುಪಾಲು ತಯಾರಕರು ತಮ್ಮ ಲ್ಯಾಪ್‌ಟಾಪ್ ಬಳಸಬಹುದಾದ ಸುತ್ತಲಿನ ಗರಿಷ್ಠ ಉಷ್ಣತೆಯನ್ನು 35 ಡಿಗ್ರಿ ಸೆಲ್ಸಿಯಸ್ ಎಂದು ನಮೂದಿಸುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಏಪ್ರಿಲ್ ಮಧ್ಯಾಹ್ನ ಈ ಗೆರೆ ದಾಟುವುದು ಸಾಮಾನ್ಯ ಸಂಗತಿ. ಅಂದರೆ ಇಲ್ಲಿಯ ಬೇಸಿಗೆಯಲ್ಲಿ ಹೊಚ್ಚಹೊಸ ಯಂತ್ರವೂ ತನ್ನ ಮಿತಿಯ ಅಂಚಿನಲ್ಲೇ ದುಡಿಯುತ್ತಿರುತ್ತದೆ.

ಎತ್ತರದ ಪ್ರಶ್ನೆಯೂ ಇದೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ತೆಳುಗಾಳಿ ಶಾಖವನ್ನು ಕಡಿಮೆ ಹೊತ್ತೊಯ್ಯುತ್ತದೆ. ಸುಮಾರು 800 ಮೀಟರ್ ಎತ್ತರದ ತುಮಕೂರು ಸೀಮೆಯಲ್ಲಿ ಗಾಳಿಯ ಸಾಂದ್ರತೆ ಸಮುದ್ರತೀರಕ್ಕಿಂತ ಶೇಕಡಾ 7ರಷ್ಟು ಕಡಿಮೆ. ಸುಮಾರು 1,130 ಮೀಟರ್ ಎತ್ತರದ ಹುತ್ರಿದುರ್ಗದ ನೆತ್ತಿಯಲ್ಲಿ ಶೇಕಡಾ 10ರಷ್ಟು ಕಡಿಮೆ. ಇದು ದೊಡ್ಡ ಅಡ್ಡಿಯೇನಲ್ಲ. ಬಿಸಿಲಿನ ಧಗೆಯ ಮುಂದೆ ನಗಣ್ಯವೆನ್ನಬಹುದು. ಆದರೆ ಮಂಗಳೂರಿನಲ್ಲಿ ಓಡುವುದಕ್ಕಿಂತ ಫ್ಯಾನು ಇಲ್ಲಿ ತುಸು ಹೆಚ್ಚು ವೇಗವಾಗಿ ಓಡಿದರೆ ಅದಕ್ಕೆ ಇದೂ ಒಂದು ಸಣ್ಣ ಕಾರಣ.

ಫ್ಯಾನಿನ ವೇಗ ನಿರ್ಧರಿಸುವವರು ಯಾರು?

ಲ್ಯಾಪ್‌ಟಾಪ್‌ನ ಮುಖ್ಯ ಫಲಕದಲ್ಲಿ ಇದಕ್ಕೆಂದೇ ಒಂದು ಸಣ್ಣ ನಿಯಂತ್ರಕ ಚಿಪ್ಪು ಇರುತ್ತದೆ. ಪ್ರೊಸೆಸರಿನೊಳಗಿನ ಉಷ್ಣಮಾಪಕಗಳು ತೋರುವ ಅಂಕಿಗಳನ್ನು ಅದು ಎಡೆಬಿಡದೆ ಓದುತ್ತದೆ. ಇಂತಿಷ್ಟು ಉಷ್ಣತೆಗೆ ಇಂತಿಷ್ಟು ವೇಗ ಎಂಬ ಪಟ್ಟಿಯನ್ನು ತಯಾರಕರು ಮೊದಲೇ ಅದಕ್ಕೆ ತುಂಬಿರುತ್ತಾರೆ. ಯಂತ್ರ ಸುಮ್ಮನಿದ್ದಾಗ ಫ್ಯಾನು ನಿಂತಿರಬಹುದು ಅಥವಾ ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿರಬಹುದು. ಭಾರವಾದ ಕೆಲಸದಲ್ಲಿ 4,000ದಿಂದ 5,000 ಸುತ್ತಿಗೆ ಏರುವುದು ಸಹಜ.

ಫ್ಯಾನು ಸಾಲದಾದಾಗ ಎರಡನೆಯ ಕಾವಲು ಎಚ್ಚರಗೊಳ್ಳುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಪಾಲಿಗೆ 100 ಡಿಗ್ರಿ, ಎಎಂಡಿ ಪ್ರೊಸೆಸರುಗಳಲ್ಲಿ ಹಲವಕ್ಕೆ 95 ಡಿಗ್ರಿ ಮಿತಿ. ಈ ಮಿತಿ ಹತ್ತಿರವಾದೊಡನೆ ಪ್ರೊಸೆಸರು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಯಂತ್ರ 'ತೆವಳುವುದಕ್ಕೆ' ಇದೇ ಕಾರಣ. ವೈರಸ್ ಬಂದಿದೆಯೆಂದು ಗಾಬರಿಬಿದ್ದು ಎಲ್ಲವನ್ನೂ ಅಳಿಸಿಹಾಕುವ ಅಗತ್ಯವಿಲ್ಲ. ಅದೂ ಸಾಲದೆ ಹೋದರೆ ಮೂರನೆಯ ಕಾವಲಾಗಿ ಯಂತ್ರ ಥಟ್ಟನೆ ಆರುತ್ತದೆ. ಚಿಪ್ಪು ಉಳಿಯುತ್ತದೆ, ಆದರೆ ಉಳಿಸದೆ ಇದ್ದ ಬರಹ ಹೋಗುತ್ತದೆ. ಅರ್ಜಿ ಸಲ್ಲಿಸುವ ಕೊನೆಯ ದಿನ ಹೀಗಾದರೆ ಅದರ ನಷ್ಟ ಯಂತ್ರದ ಬೆಲೆಯನ್ನೂ ಮೀರಬಹುದು.

ಸುಮ್ಮನಿದ್ದಾಗ 40ರಿಂದ 55 ಡಿಗ್ರಿ, ಭಾರದ ಕೆಲಸದಲ್ಲಿ 80ರಿಂದ 90 ಡಿಗ್ರಿ ಕಂಡರೆ ಆತಂಕಪಡಬೇಕಾಗಿಲ್ಲ. ಏನೂ ಕೆಲಸವಿಲ್ಲದೆ 70 ದಾಟಿದರೆ, ಅಥವಾ ಬರೀ ಬರಹ ಟೈಪಿಸುವಾಗಲೇ 90 ಮುಟ್ಟಿದರೆ ಹಾದಿ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ.

ವೇಗ ಏರಿಸಿದರೆ ಲಾಭವೆಷ್ಟು?

ಫ್ಯಾನಿನ ಗಣಿತ ತುಸು ವಿಚಿತ್ರ. ಸುತ್ತು ಹೆಚ್ಚಿದಷ್ಟೇ ಪ್ರಮಾಣದಲ್ಲಿ ಗಾಳಿಯೂ ಹೆಚ್ಚುತ್ತದೆ. ಆದರೆ ಅದು ನುಂಗುವ ವಿದ್ಯುತ್ತು ವೇಗದ ಘನಪ್ರಮಾಣದಲ್ಲಿ ಏರುತ್ತದೆ. ನಿಮಿಷಕ್ಕೆ 4,000 ಸುತ್ತಿನ ಫ್ಯಾನನ್ನು 5,000ಕ್ಕೆ ಏರಿಸಿದರೆ ಗಾಳಿ ಹೆಚ್ಚುವುದು ಶೇಕಡಾ 25. ವಿದ್ಯುತ್ತು ಹೆಚ್ಚುಕಡಿಮೆ ಎರಡು ಪಟ್ಟು. ಸದ್ದಿನ ಲೆಕ್ಕವೂ ಹೀಗೆಯೇ: ವೇಗ ಎರಡು ಪಟ್ಟಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಕಿವಿಗೆ ಇದು ಎರಡು ಪಟ್ಟಿಗಿಂತ ಹೆಚ್ಚಾಗಿಯೇ ಕೇಳಿಸುತ್ತದೆ.

ರೆಕ್ಕೆಗಳ ಸಂದಿನಲ್ಲಿ ಧೂಳು ಕಟ್ಟಿದ್ದರೆ ಈ ಹೆಚ್ಚಿನ ವೇಗವೂ ವ್ಯರ್ಥ. ಗಾಳಿಗೆ ಹಾದಿಯೇ ಇಲ್ಲದಿರುವಾಗ ಫ್ಯಾನು ಬರಿದೇ ಗಿರಗಿರನೆ ಸುತ್ತಿ ಸದ್ದು ಮಾಡುತ್ತದೆ, ಅದರ ಬೇರಿಂಗು ಬೇಗ ಸವೆಯುತ್ತದೆ. ಆದ್ದರಿಂದ ವೇಗದ ಗೊಡವೆಗೆ ಹೋಗುವ ಮುನ್ನ ಹಾದಿ ತೆರವುಗೊಳಿಸುವುದು ಕ್ರಮ.

ಮೊದಲ ಕೆಲಸ: ಹಾದಿ ತೆರವು

ಹೆಚ್ಚಿನ ಲ್ಯಾಪ್‌ಟಾಪ್‌ಗಳು ಗಾಳಿಯನ್ನು ಅಡಿಭಾಗದ ರಂಧ್ರಗಳಿಂದ ಎಳೆದು ಪಕ್ಕದಿಂದ ಅಥವಾ ಹಿಂಬದಿಯಿಂದ ಬಿಡುತ್ತವೆ. ಹಾಸಿಗೆ, ದಿಂಬು, ಕಂಬಳಿಯ ಮೇಲಿಟ್ಟರೆ ಆ ರಂಧ್ರಗಳು ಮುಚ್ಚಿಹೋಗುತ್ತವೆ. ಮೇಜಿಲ್ಲದ ಮನೆಯಲ್ಲಿ ಊಟಕ್ಕೆ ಕೂರುವ ಮರದ ಮಣೆಯೊಂದು ಸಾಕು. ಗಾಳಿ ಹೊರಡುವ ರಂಧ್ರಕ್ಕೆ ಅಡ್ಡವಾಗದಂತೆ, ಯಂತ್ರದ ಹಿಂಬದಿಯ ಎರಡು ಮೂಲೆಗಳ ಅಡಿಗೆ ಒಂದೊಂದು ಬಾಟಲಿ ಮುಚ್ಚಳವನ್ನಿಟ್ಟು ತುಸು ಎತ್ತರಿಸಿದರೆ ಗಾಳಿ ಸರಾಗವಾಗುತ್ತದೆ. ಕೂಲಿಂಗ್ ಪ್ಯಾಡುಗಳು ಮಾಡುವ ಕೆಲಸದಲ್ಲಿ ಬಹುಪಾಲು ಇಷ್ಟೇ.

ತೊಡೆಯ ಮೇಲಿಟ್ಟುಕೊಳ್ಳುವುದು ಯಂತ್ರಕ್ಕೆ ಮಾತ್ರವಲ್ಲ, ಮೈಗೂ ಒಳ್ಳೆಯದಲ್ಲ. ದಿನಗಟ್ಟಲೆ ಬಿಸಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ದುಡಿದವರ ಚರ್ಮದ ಮೇಲೆ ಬಲೆಯಂಥ ಕಂದು ಕಲೆಗಳು ಮೂಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹಿಂದಿನ ಕಾಲದಲ್ಲಿ ಒಲೆಯ ಮುಂದೆ ಬಹಳ ಹೊತ್ತು ಕೂರುವವರಲ್ಲಿ ಕಾಣುತ್ತಿದ್ದ ಕಲೆಯೇ ಇದು.

ಧೂಳಿನದು ಇನ್ನೊಂದು ಕಥೆ. ಈ ಸೀಮೆಯಲ್ಲಿ ರಾಗಿ ಒಕ್ಕಣೆಯ ಕಾಲದ ಹೊಟ್ಟು, ತೆಂಗಿನ ನಾರಿನ ಪುಡಿ, ಕಚ್ಚಾ ರಸ್ತೆಯ ಮಣ್ಣು ಮನೆಯೊಳಗೆಲ್ಲ ಹರಡುತ್ತವೆ. ಸೌದೆ ಒಲೆಯ ಹೊಗೆಯ ಜಿಡ್ಡು ಸೇರಿದರೆ ಧೂಳು ರೆಕ್ಕೆಗಳ ಬಾಯಲ್ಲಿ ಬಟ್ಟೆಯಂತೆ ಹೆಣೆದುಕೊಳ್ಳುತ್ತದೆ. ಒಕ್ಕಣೆಯ ದಿನಗಳಲ್ಲಿ ಯಂತ್ರವನ್ನು ಕಣದ ಕಡೆಯ ಕಿಟಕಿಯಿಂದ ದೂರವಿಡುವುದು, ಬಳಸದಾಗ ಆರಿಸಿ ಬಟ್ಟೆ ಹೊದಿಸುವುದು ಸುಲಭದ ಮುನ್ನೆಚ್ಚರಿಕೆ. ವರ್ಷಕ್ಕೊಮ್ಮೆ, ಬೇಸಿಗೆ ಆರಂಭವಾಗುವ ಮುನ್ನ ಶುಚಿ ಮಾಡಿಸುವುದು ಉತ್ತಮ.

ತಾವೇ ಶುಚಿ ಮಾಡುವವರು ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರನ್ನು ಕಿತ್ತು, ತೆಗೆಯಲು ಬರುವಂತಿದ್ದರೆ ಬ್ಯಾಟರಿಯನ್ನೂ ತೆಗೆದಿಡಬೇಕು. ಕೈಯಿಂದ ಒತ್ತುವ ರಬ್ಬರ್ ಬ್ಲೋಯರು ಮತ್ತು ಮೆದು ಕುಂಚ ಸಾಕು. ಗಾಳಿ ಊದುವಾಗ ಫ್ಯಾನು ಸುತ್ತದಂತೆ ಒಂದು ಕಡ್ಡಿಯಿಂದ ತಡೆಹಿಡಿಯಬೇಕು. ಹೊರಗಾಳಿಯ ರಭಸಕ್ಕೆ ಮಿತಿಮೀರಿ ಸುತ್ತಿದರೆ ಬೇರಿಂಗಿಗೆ ಹಾನಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿಯನ್ನು ಬಿಡಿಸುವವರೂ ಉಂಟು. ಅದರ ಒತ್ತಡ ಅತಿಯಾದದ್ದು, ಜೊತೆಗೆ ಅದರಲ್ಲಿ ನೀರಿನ ಹನಿ ಮತ್ತು ಎಣ್ಣೆಯ ಅಂಶ ಇರಬಹುದು. ಅದನ್ನು ಬಳಸದಿರುವುದೇ ಕ್ಷೇಮ. ಬಿಸಿಯಾದ ಯಂತ್ರವನ್ನು ಫ್ರಿಜ್ಜಿನಲ್ಲಿಡುವುದು, ಒದ್ದೆ ಬಟ್ಟೆಯ ಮೇಲಿಡುವುದು ಸರ್ವಥಾ ಸಲ್ಲದು. ತಂಪಾದ ಮೈಮೇಲೆ ಗಾಳಿಯ ತೇವ ಹನಿಗಟ್ಟಿ ಒಳಗಿನ ಮಂಡಲ ಸುಡುವ ಅಪಾಯವಿದೆ.

ಎರಡನೆಯ ಕೆಲಸ: ಶಾಖಕ್ಕೆ ಕಡಿವಾಣ

ವಿಂಡೋಸ್ ಯಂತ್ರಗಳಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ತಂತ್ರಾಂಶ ಪ್ರೊಸೆಸರನ್ನು ಎಷ್ಟು ದುಡಿಸುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. ತೆರೆದಿಟ್ಟು ಮರೆತ ಹತ್ತಾರು ಬ್ರೌಸರ್ ಪುಟಗಳು, ತಾನಾಗಿ ಓಡುವ ಜಾಹೀರಾತಿನ ವಿಡಿಯೊಗಳು, ಒಂದೇ ಯಂತ್ರದಲ್ಲಿ ಎರಡೆರಡು ವೈರಸ್ ನಿರೋಧಕಗಳು ಸಾಮಾನ್ಯ ಅಪರಾಧಿಗಳು. ಬೇಡದ್ದನ್ನು ಮುಚ್ಚಿದರೆ ಫ್ಯಾನು ಕೆಲವೇ ನಿಮಿಷಗಳಲ್ಲಿ ಇಳಿಯುವುದನ್ನು ಕಿವಿಯಿಂದಲೇ ಅರಿಯಬಹುದು. ದೊಡ್ಡ ಅಪ್‌ಡೇಟ್ ಇಳಿಯುತ್ತಿದ್ದರೆ ಮಾತ್ರ ಅದು ಮುಗಿಯುವವರೆಗೆ ತಾಳ್ಮೆಯಿಂದ ಕಾಯಬೇಕು.

ಎರಡನೆಯ ಉಪಾಯ ವೇಗದ ಮಿತಿ. ವಿಂಡೋಸ್‌ನ ಪವರ್ ವ್ಯವಸ್ಥೆಯಲ್ಲಿ ಗರಿಷ್ಠ ಕ್ಷಮತೆಯ ಬದಲಿಗೆ ಸಮತೋಲನ ಅಥವಾ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಮಾಡಿಕೊಳ್ಳಬಹುದು. ಹಲವು ಯಂತ್ರಗಳ ಸುಧಾರಿತ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿ ಶೇಕಡಾ 100 ಎಂದಿರುತ್ತದೆ. ಅದನ್ನು 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ಬರಹ, ಅರ್ಜಿ, ಆನ್‌ಲೈನ್ ಪಾಠದಂಥ ಕೆಲಸಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಅನುಭವಕ್ಕೆ ಬರುವುದಿಲ್ಲ. ಶಾಖ ಮತ್ತು ಸದ್ದು ಮಾತ್ರ ಗಮನಾರ್ಹವಾಗಿ ಇಳಿಯುತ್ತವೆ.

ಹೊತ್ತಿನ ಆಯ್ಕೆಯೂ ಒಂದು ಹತೋಟಿಯೇ. ವಿಡಿಯೊ ಸಂಕಲನ, ದೊಡ್ಡ ತಂತ್ರಾಂಶಗಳ ಸ್ಥಾಪನೆಯಂಥ ಭಾರದ ಕೆಲಸಗಳನ್ನು ಬೆಳಗಿನ ತಂಪಿಗೆ ಇಟ್ಟುಕೊಂಡು, ಮಧ್ಯಾಹ್ನವನ್ನು ಹಗುರ ಕೆಲಸಕ್ಕೆ ಬಿಟ್ಟರೆ ಯಂತ್ರ ಬಹಳಷ್ಟು ಬಾಳುತ್ತದೆ.

ಮೂರನೆಯದು: ಫ್ಯಾನಿನ ಹತೋಟಿ

ಇಷ್ಟಾದ ಮೇಲೆ ಫ್ಯಾನಿನ ವೇಗಕ್ಕೆ ಕೈಹಾಕಬಹುದು. ವಿಂಡೋಸ್‌ನ ಸುಧಾರಿತ ಪವರ್ ಆಯ್ಕೆಗಳಲ್ಲಿ ಕೆಲವು ಯಂತ್ರಗಳಲ್ಲಿ 'ಸಿಸ್ಟಮ್ ಕೂಲಿಂಗ್ ಪಾಲಿಸಿ' ಎಂಬ ಆಯ್ಕೆ ಸಿಗುತ್ತದೆ. ಅದನ್ನು 'ಆ್ಯಕ್ಟಿವ್' ಎಂದಿರಿಸಿದರೆ ಯಂತ್ರ ಮೊದಲು ಫ್ಯಾನಿನ ವೇಗ ಏರಿಸುತ್ತದೆ, ಆಮೇಲೆ ಪ್ರೊಸೆಸರನ್ನು ನಿಧಾನಗೊಳಿಸುತ್ತದೆ. 'ಪ್ಯಾಸಿವ್' ಎಂದಿರಿಸಿದರೆ ಕ್ರಮ ತಿರುಗುಮುರುಗು. ಗ್ರಂಥಾಲಯದಲ್ಲಿ ಓದುವವರಿಗೆ, ಮಲಗಿದ ಮಗುವಿನ ಪಕ್ಕ ದುಡಿಯುವವರಿಗೆ ಎರಡನೆಯದು ಅನುಕೂಲ. ಸೇವಾ ಕೇಂದ್ರದಲ್ಲಿ ಜನ ಕಾಯುತ್ತಿರುವಾಗ ಮೊದಲನೆಯದು.

ಲೆನೊವೊ ಕಂಪನಿಯ ವ್ಯಾಂಟೇಜ್, ಏಸಸ್ ಕಂಪನಿಯ ಮೈಏಸಸ್ ಮುಂತಾದ ತಂತ್ರಾಂಶಗಳಲ್ಲಿ ಹಲವು ಮಾದರಿಗಳಿಗೆ ಸದ್ದಿಲ್ಲದ, ಸಮತೋಲನದ, ಹೆಚ್ಚು ಕ್ಷಮತೆಯ ವಿಧಾನಗಳನ್ನು ಒದಗಿಸಿದ್ದಾರೆ. ಎಚ್‌ಪಿಯ ಹಲವು ಯಂತ್ರಗಳ ಬಯಾಸ್‌ನಲ್ಲಿ ಫ್ಯಾನು ಸದಾ ಚಾಲೂ ಇರಬೇಕೇ ಎಂಬ ಆಯ್ಕೆಯುಂಟು. ತಯಾರಕರೇ ಒದಗಿಸಿದ ಇಂಥ ಹತೋಟಿಗಳು ಸುರಕ್ಷಿತ. ಏಕೆಂದರೆ ಅಪಾಯದ ಮಿತಿ ಬಂದಾಗ ಒಳಗಿನ ನಿಯಂತ್ರಕವೇ ಮತ್ತೆ ಚುಕ್ಕಾಣಿ ಹಿಡಿಯುತ್ತದೆ.

ಅನ್ಯ ತಂತ್ರಾಂಶಗಳ ವಿಚಾರದಲ್ಲಿ ಎಚ್ಚರ ಬೇಕು. ಒಂದು ಕಾಲಕ್ಕೆ ಬಹಳ ಹೆಸರು ಮಾಡಿದ್ದ ಸ್ಪೀಡ್‌ಫ್ಯಾನ್ ತಂತ್ರಾಂಶ ಇಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳ ಫ್ಯಾನನ್ನು ಗುರುತಿಸುವುದೇ ಇಲ್ಲ. ಲಿನಕ್ಸ್ ಬಳಸುವವರಿಗೆ ಉಷ್ಣತೆ ತೋರಿಸುವ, ಫ್ಯಾನು ನಿಯಂತ್ರಿಸುವ ಉಚಿತ ಸಾಧನಗಳಿವೆ. ಥಿಂಕ್‌ಪ್ಯಾಡ್‌ಗಳಿಗೆಂದೇ ಥಿಂಕ್‌ಫ್ಯಾನ್ ಎಂಬುದಿದೆ. ಇವುಗಳಲ್ಲಿ ತಪ್ಪು ಅಂಕಿ ತುಂಬಿ ಫ್ಯಾನನ್ನು ನಿಲ್ಲಿಸಿಬಿಟ್ಟರೆ ಪ್ರೊಸೆಸರು ತನ್ನನ್ನು ತಾನು ಕಾಪಾಡಿಕೊಂಡೀತು. ಪಕ್ಕದಲ್ಲಿರುವ ಬ್ಯಾಟರಿಗೆ ಮತ್ತು ಸಂಗ್ರಹ ಡಿಸ್ಕಿಗೆ ಆ ಭಾಗ್ಯವಿಲ್ಲ.

ಮರೆಯಬಾರದ ಬ್ಯಾಟರಿ

ಶಾಖದ ನಿಜವಾದ ಬಲಿ ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ತುಂಬಿದ ಸ್ಥಿತಿಯಲ್ಲಿ ಬಿಸಿಯಾಗಿ ಉಳಿದಷ್ಟೂ ಬೇಗ ಮುಪ್ಪಾಗುತ್ತದೆ. ದಿನವಿಡೀ ಚಾರ್ಜರಿಗೆ ಸಿಕ್ಕಿಸಿಟ್ಟ ಸೇವಾ ಕೇಂದ್ರಗಳ ಲ್ಯಾಪ್‌ಟಾಪ್‌ಗಳು ಈ ಎರಡೂ ಹಿಂಸೆಯನ್ನು ಒಟ್ಟಿಗೆ ಅನುಭವಿಸುತ್ತವೆ. ಹಲವು ತಯಾರಕರು ಚಾರ್ಜನ್ನು ಶೇಕಡಾ 80ಕ್ಕೆ ಅಥವಾ 60ಕ್ಕೆ ನಿಲ್ಲಿಸುವ ಸೌಲಭ್ಯ ನೀಡಿದ್ದಾರೆ. ಒಂದೇ ಜಾಗದಲ್ಲಿಟ್ಟು ಬಳಸುವವರು ಅದನ್ನು ತಪ್ಪದೆ ಬಳಸಬೇಕು.

ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ, ಕೆಳಗಿನ ಮುಚ್ಚಳ ಬಿರುಕುಬಿಟ್ಟರೆ, ಯಂತ್ರ ಮೇಜಿನ ಮೇಲೆ ಸಮನಾಗಿ ಕೂರದೆ ಅಲುಗಿದರೆ ಬ್ಯಾಟರಿ ಊದಿಕೊಂಡಿರುವ ಸಂಭವವಿದೆ. ಆಗ ಚಾರ್ಜ್ ಮಾಡುವುದನ್ನು ಕೂಡಲೇ ನಿಲ್ಲಿಸಿ, ಯಂತ್ರವನ್ನು ಆರಿಸಿ, ದುರಸ್ತಿಗಾರರಿಗೆ ಒಪ್ಪಿಸಬೇಕು. ಒತ್ತಿ ಸರಿಪಡಿಸುವುದಾಗಲಿ, ಚುಚ್ಚಿ ಗಾಳಿ ಬಿಡುವುದಾಗಲಿ ಬೆಂಕಿಗೆ ಆಹ್ವಾನ ಕೊಟ್ಟಂತೆ. ಊದಿದ ಬ್ಯಾಟರಿಯನ್ನು ಮಕ್ಕಳಿರುವ ಮನೆಯಲ್ಲಿ ಇಡಬಾರದು, ತಿಪ್ಪೆಗೆ ಎಸೆಯಲೂಬಾರದು.

ಫ್ಯಾನೇ ಇಲ್ಲದ ಯಂತ್ರಗಳು

ಶಾಖ ಕಡಿಮೆಯಿದ್ದರೆ ಫ್ಯಾನೇ ಬೇಡ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಹಳೆಯ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಸೇರಿ ರೂಪಿಸಿದ, ಜನಸಾಮಾನ್ಯರಿಗೆಂದೇ ಉದ್ದೇಶಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕಯಂತ್ರ ಅಲ್ಪ ವಿದ್ಯುತ್ತಿನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನಿಂದ ನಡೆಯುತ್ತಿತ್ತು. 2004ರಲ್ಲಿ ಅದರ ಅಮಿಡಾ ಮಾದರಿ ಮಾರುಕಟ್ಟೆಗೆ ಬಂತು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಆದರೆ ಹಳ್ಳಿಗಾಡಿನ ಬಳಕೆಗೆ ಕಡಿಮೆ ವಿದ್ಯುತ್ತಿನ ಯಂತ್ರ ಬೇಕೆಂಬ ಅದರ ಮೂಲ ಚಿಂತನೆ ಸುಳ್ಳಾಗಲಿಲ್ಲ. ಆಪಲ್ ಕಂಪನಿ 2020ರ ನವೆಂಬರಿನಲ್ಲಿ ಆರ್ಮ್ ಬಗೆಯದೇ ಆದ ಎಂ1 ಚಿಪ್ಪಿನೊಡನೆ ಹೊರತಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನು ಇಲ್ಲವೇ ಇಲ್ಲ. ಇಂಥ ಯಂತ್ರಗಳು ಧೂಳು ಸೆಳೆಯುವುದಿಲ್ಲ, ಸದ್ದು ಮಾಡುವುದಿಲ್ಲ. ಭಾರದ ಕೆಲಸ ಬಹಳ ಹೊತ್ತು ಮುಂದುವರಿದರೆ ಮಾತ್ರ ಇವೂ ವೇಗ ಇಳಿಸಿಕೊಳ್ಳುತ್ತವೆ.

ಆದರೆ ಎಲ್ಲರಿಗೂ ಹೊಸ ಯಂತ್ರ ಕೊಳ್ಳುವ ಅನುಕೂಲವಿಲ್ಲ. ರಾಜ್ಯ ಸರ್ಕಾರ 2020ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ವಿತರಿಸಿದಂಥ ಲ್ಯಾಪ್‌ಟಾಪ್‌ಗಳನ್ನು ಅಣ್ಣ ಬಳಸಿ ತಂಗಿಗೆ ಕೊಡುವ ಮನೆಗಳಿವೆ. ಅಷ್ಟು ವರ್ಷ ಕಂಡ ಯಂತ್ರದ ಥರ್ಮಲ್ ಪೇಸ್ಟ್ ಒಣಗಿ ಬಿರಿದಿರುವುದು ಸಹಜ. ಶುಚಿ ಮಾಡಿಸಿದ ಮೇಲೂ ಬಿಸಿ ಇಳಿಯದಿದ್ದರೆ ನುರಿತ ದುರಸ್ತಿಗಾರರಿಂದ ಹೊಸ ಪೇಸ್ಟ್ ಹಾಕಿಸಬೇಕು. ಫ್ಯಾನಿನಿಂದ ಕರಕರ ಸದ್ದು ಬಂದರೆ, ಅಥವಾ ಯಂತ್ರ ಚಾಲೂ ಮಾಡಿದೊಡನೆ ಫ್ಯಾನಿನ ದೋಷದ ಸೂಚನೆ ಕಂಡರೆ ಫ್ಯಾನನ್ನೇ ಬದಲಿಸಬೇಕಾಗುತ್ತದೆ. ಎರಡೂ ಸಾಮಾನ್ಯ ದುರಸ್ತಿಗಳೇ; ಮುಖ್ಯ ಫಲಕ ಕೆಟ್ಟರೆ ಆಗುವ ಖರ್ಚಿನ ಮುಂದೆ ಇವು ಅಲ್ಪ. ದುರಸ್ತಿಗೆ ಒಯ್ಯುವ ಮುನ್ನ ಮುಖ್ಯ ಕಡತಗಳ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು, ಪರೀಕ್ಷೆ ಹತ್ತಿರವಿದ್ದರೆ ಈ ಕೆಲಸವನ್ನು ಫೆಬ್ರುವರಿಯೊಳಗೇ ಮುಗಿಸುವುದು ಜಾಣತನ.